ಕೇಳದೇ ಬಿಟ್ಟ ಕೈ

ಹಾಸ್ಟೆಲ್, ಕೊಪ್ಪ
10 ಸೆಪ್ಟೆಂಬರ್ 2025, ಬುಧವಾರ

ಅಮ್ಮೀ,

ಈ ಪತ್ರವನ್ನು ಅಂಗಡಿಯಲ್ಲಿ ಒಡೆಯಬೇಡ. ಮನೆಗೆ ಹೋಗಿ, ಅಬ್ಬಾ ಲಗೇಜ್ ಆಟೋ ತೆಗೆದುಕೊಂಡು ಹೊರಟ ಮೇಲೆ ಒಡೆ.

ಹೋದ ಶುಕ್ರವಾರ ವಾರ್ಡನ್ ಸುಲೋಚನಮ್ಮ ನಿನಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. "ನಿಮ್ಮ ಹುಡುಗಿ ಕೈಗೆ ಎಂತದೋ ಮಾಡ್ಕೊಂಡಿದಾಳೆ, ಗಾಬ್ರಿ ಆಗ್ಬೇಡಿ" ಅಂದರು. ನೀನು "ಆಯ್ತಮ್ಮ, ಆಯ್ತಮ್ಮ" ಅಂದೆ. ಸ್ಪೀಕರ್ ಆನ್ ಇತ್ತು. ನಿನ್ನ ಹಿಂದೆ ಯಾರೋ ಗಿರಾಕಿ "ಈ ಬಳೇಲಿ ನೀಲಿ ಇಲ್ವಾ?" ಅಂತ ಕೇಳುತ್ತಿದ್ದರು. ಆಮೇಲೆ ಫೋನ್ ನನ್ನ ಕೈಗೆ ಬಂತು. "ಊಟ ಆಯ್ತಾ?" ಅಂದೆ ನೀನು. "ಹ್ಞೂಂ" ಅಂದೆ ನಾನು. ಅಷ್ಟೇ ನಮ್ಮ ಮಾತು.

ಅದು "ಎಂತದೋ" ಅಲ್ಲ ಅಮ್ಮೀ. ನಾನೇ ನನ್ನ ತೋಳಿಗೆ ಗಾಯ ಮಾಡಿಕೊಳ್ಳುತ್ತೇನೆ. ಬೇಕಂತಲೇ. ಇದು ಮೊದಲ ಸಲವೂ ಅಲ್ಲ. ಹೇಗೆ, ಯಾವುದರಿಂದ ಅಂತ ಬರೆಯುವುದಿಲ್ಲ, ಕೇಳಬೇಡ. ಈ ಸಲ ನನ್ನ ರೂಮ್‌ಮೇಟ್ ಭವ್ಯ ನೋಡಿಬಿಟ್ಟಳು. ಬೇಗಾರು ಊರಿನವಳು, ಬಾಯಿ ಜೋರು. ಒಂದು ಮಾತೂ ಆಡದೆ ನನ್ನನ್ನು ಕರೆದುಕೊಂಡು ಹೋಗಿ ಡ್ರೆಸಿಂಗ್ ಮಾಡಿಸಿ, ಆಮೇಲೆ ವಾರ್ಡನ್ ಹತ್ತಿರ ಹೋದಳು. ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ.

ಕಾಲೇಜಿಗೆ ಪ್ರತಿ ಬುಧವಾರ ಶಾಲಿನಿ ಮೇಡಂ ಅಂತ ಒಬ್ಬರು ಕೌನ್ಸೆಲರ್ ಬರುತ್ತಾರೆ. ಇವತ್ತು ಮೊದಲ ಸಲ ಹೋಗಿದ್ದೆ. ಆಕ್ಚುಲಿ, ಪತ್ರ ಬರೆ ಅಂದದ್ದು ಅವರೇ. ಫೋನಿನಲ್ಲಿ ನಾವಿಬ್ಬರೂ ಊಟದಿಂದ ಮುಂದೆ ಹೋಗುವುದೇ ಇಲ್ಲ ಅಂತ ಹೇಳಿದ್ದೆ. ಮನೆಯಲ್ಲಿ ಉರ್ದು, ಬರೆಯುವುದಕ್ಕೆ ಇಬ್ಬರಿಗೂ ಬರುವುದು ಕನ್ನಡ ಅಂದೆ. "ಒಳ್ಳೇದೇ ಆಯ್ತಲ್ಲ, ಬೇರೆ ಭಾಷೇಲಿ ಕೆಲವು ಮಾತು ಸುಲಭ" ಅಂದರು.

ಅವರು ಹೇಳಿದ್ದು ಇಷ್ಟು. ಮುಂದಿನ ಸಲ ಹಾಗೆ ಅನ್ನಿಸಿದಾಗ ಹೇಳಿಕೊಳ್ಳುವುದಕ್ಕೆ ಮನೆಯಲ್ಲಿ ಒಬ್ಬರಾದರೂ ಬೇಕು. ಯಾರು, ನೀನೇ ಆರಿಸು ಅಂದರು. ನಾನು ನಿನ್ನ ಹೆಸರು ಹೇಳಿದೆ. ಹೇಳಿ ಬಂದ ಮೇಲಿಂದ ಟೆನ್ಷನ್. ಯಾಕೆಂದರೆ ನಿನ್ನಿಂದ ಆಗುತ್ತದೋ ಇಲ್ಲವೋ ನನಗೆ ನಿಜವಾಗಿ ಗೊತ್ತಿಲ್ಲ. ಆರನೇ ಕ್ಲಾಸಿನಿಂದ ಹಾಸ್ಟೆಲ್ಲು. ಜ್ವರ ಬಂದರೆ ಯಾರಿಗೆ ಹೇಳಬೇಕು ಅಂತ ಗೊತ್ತು, ಇದನ್ನು ಯಾರಿಗೆ ಹೇಳುವುದು ಅಂತ ಗೊತ್ತಿಲ್ಲ.

ನೀನು ಅಳುತ್ತಾ ಬಂದು ಬ್ಯಾಗ್ ಸಮೇತ ಮನೆಗೆ ಎಳೆದುಕೊಂಡು ಹೋದರೆ ಮತ್ತೆ ಹೇಳುವುದಿಲ್ಲ. ಏನೂ ಆಗಿಲ್ಲ ಅನ್ನುವ ಹಾಗೆ ಇದ್ದರೂ ಹೇಳುವುದಿಲ್ಲ. ಇವೆರಡರ ನಡುವೆ ಏನಿದೆ ಅಂತ ನನಗೂ ಗೊತ್ತಿಲ್ಲ, ಸಾರಿ.

ಸುಸ್ತಾಗಿದೆ. ಮಲಗುತ್ತೇನೆ.

ಅರ್ಶಿಯಾ


ನರಸಿಂಹರಾಜಪುರ
16 ಸೆಪ್ಟೆಂಬರ್ 2025

ಅರ್ಶೂ ಬೇಟಾ,

ನಿನಗೆ ದುವಾ. ನಿನ್ನ ಪತ್ರ ಬಂತು. ಓದಿದೆ. ನಾನು ಏಳನೇ ಕ್ಲಾಸಿಗೆ ಬಿಟ್ಟವಳು, ತಪ್ಪಿದ್ದರೆ ತಿದ್ದಿಕೊ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಬ್ಬಾನಿಗೆ ಸೊಂಟ ನೋವು ಸ್ವಲ್ಪ. ಅಂಗಡಿಯ ಮುಂದಿನ ಚರಂಡಿ ಅಗೆದು ಹಾಗೇ ಬಿಟ್ಟಿದ್ದಾರೆ, ಹಲಗೆ ಹಾಕಿಕೊಂಡು ದಾಟುತ್ತಿದ್ದೇವೆ. ಹೊಟ್ಟೆ ತುಂಬಾ ತಿನ್ನು. ತಲೆಗೆ ಎಣ್ಣೆ ಹಾಕು. ಎಲ್ಲದಕ್ಕೂ ಅಲ್ಲಾಹ್ ಇದ್ದಾನೆ.

ಮುಬಾರಕ್ ಮಾಮೂನ ನಿಕಾಹ್ ಅಕ್ಟೋಬರ್ ಐದಕ್ಕೆ. ನೀನು ಬರದೇ ಇದ್ದರೆ ಎಲ್ಲರೂ ಕೇಳುತ್ತಾರೆ. ಅದಕ್ಕೇ ಬಸ್ಸಿಗೆ ಒಂದು ಪಾರ್ಸೆಲ್ ಹಾಕಿದ್ದೇನೆ. ಕಂಡಕ್ಟರ್ ಸಂತೋಷ ಹಾಸ್ಟೆಲ್ಲಿಗೇ ತಲುಪಿಸುತ್ತೇನೆ ಅಂದಿದ್ದಾನೆ. ನಿಪ್ಪಟ್ಟು ಇದೆ, ಖರ್ಜೂರ ಇದೆ. ಕೆಳಗಡೆ ಪೇಪರಿನಲ್ಲಿ ಸುತ್ತಿ ನಾಲ್ಕು ಡಜನ್ ಬಳೆ ಇಟ್ಟಿದ್ದೇನೆ, ನಿನ್ನ ಅಳತೆಯದ್ದು, ಬಾಟಲಿ ಹಸಿರು. ಎರಡೂ ಕೈಗೆ ಮೊಣಕೈವರೆಗೆ ತುಂಬಿಕೊ. ಯಾರಿಗೂ ಏನೂ ಕಾಣುವುದಿಲ್ಲ. ನಿನ್ನನ್ನು ಯಾರೂ ಒಂದು ಮಾತು ಅನ್ನಬಾರದು.

ಓದಿನ ಕಡೆ ಗಮನ ಕೊಡು.

ನಿನ್ನ ಅಮ್ಮಿ


ಹಾಸ್ಟೆಲ್, ಕೊಪ್ಪ
20 ಸೆಪ್ಟೆಂಬರ್ 2025

ಅಮ್ಮೀ,

ನಿನ್ನ ಪಾರ್ಸೆಲ್ಲನ್ನು ಆಫೀಸಿನಲ್ಲಿ ಎಲ್ಲರೆದುರು ಒಡೆದರು. ಈಗ ನನಗೆ ಬರುವ ಎಲ್ಲವನ್ನೂ ಒಡೆದು ನೋಡುತ್ತಾರೆ. ಅದು ರೂಲ್ಸ್.

ನಮ್ಮ ರೂಮಿನಿಂದ ಹದಿನೈದು ದಿನದ ಹಿಂದೆ ಏನೇನು ತೆಗೆದರು ಅಂತ ನಿನಗೆ ಹೇಳಿರಲಿಲ್ಲ. ಗೋಡೆಯ ಕನ್ನಡಿ. ಭವ್ಯಳ ಉಪ್ಪಿನಕಾಯಿ ಬಾಟಲಿ. ಅವಳ ಅಜ್ಜನ ಫೋಟೋದ ಫ್ರೇಮು ಕೂಡ. ಗಾಜಿನದ್ದು ಒಂದೂ ಇರಬಾರದು ಅಂತ. ಭವ್ಯ ಈಗ ಮೊಬೈಲ್ ಕ್ಯಾಮೆರಾ ನೋಡಿಕೊಂಡು ತಲೆ ಬಾಚುತ್ತಾಳೆ.

ಅಂಥ ರೂಮಿಗೆ ನೀನು ನಾಲ್ಕು ಡಜನ್ ಗಾಜು ಕಳಿಸಿದ್ದೀಯ.

ಸುಲೋಚನಮ್ಮ ಪೇಪರ್ ಬಿಚ್ಚಿದರು. "ಇದೆಂತದೇ ಮಾರಾಯ್ತಿ, ನಾನು ಫೋನಲ್ಲಿ ಹೇಳಿದ್ದು ನಿಮ್ಮಮ್ಮಂಗೆ ಅರ್ಥ ಆಗ್ಲಿಲ್ವಾ?" ಅಂದರು. ನನಗೆ ನಗು ಬಂತು. ನಿಜವಾಗಿ. ನಗುತ್ತಾ ನಗುತ್ತಾ ನಿಲ್ಲಿಸುವುದಕ್ಕೆ ಆಗದೆ ಅಲ್ಲೇ ಬೆಂಚಿನ ಮೇಲೆ ಕೂತೆ. ಭವ್ಯ ಬೆನ್ನು ಸವರುತ್ತಾ, "ಮೆಟಲ್ ಬಳೆ ಆಗಿದ್ರೆ ನಾನಾದ್ರೂ ಹಾಕ್ಕೋತಿದ್ನಲೇ" ಅಂದಳು. ಬಳೆ ಈಗ ಆಫೀಸಿನ ಬೀರುವಿನಲ್ಲಿ ಇವೆ, ನನ್ನ ಹೆಸರಿನ ಚೀಟಿ ಹಚ್ಚಿಕೊಂಡು.

ಗಾಜು ದೊಡ್ಡ ವಿಷಯ ಅಲ್ಲ ಅಮ್ಮೀ. ನಿನಗೆ ಹೊಳೆದಿರಲಿಕ್ಕಿಲ್ಲ. ನಿನಗೆ ಬಳೆ ಅಂದರೆ ಬಳೆ. ಆದರೆ ನಾನು ನಾಲ್ಕು ಪುಟ ಬರೆದೆ. ನೀನು ಚರಂಡಿಯ ಬಗ್ಗೆ ಬರೆದೆ. ಮತ್ತೆ ಮುಚ್ಚಿಕೊ ಅಂದೆ. ಮುಚ್ಚಿಕೊಳ್ಳುವುದು ನನಗೆ ಗೊತ್ತು. ಮೂರು ವರ್ಷದ ಪ್ರಾಕ್ಟೀಸ್ ಇದೆ.

ಮಾಮೂನ ನಿಕಾಹ್‌ಗೆ ಬರುವುದಿಲ್ಲ. ಇಂಟರ್ನಲ್ಸ್ ಇದೆ ಅಂತ ಹೇಳು. ಸುಳ್ಳಲ್ಲ.

ಅರ್ಶಿಯಾ


ನರಸಿಂಹರಾಜಪುರ
29 ಸೆಪ್ಟೆಂಬರ್ 2025

ಅರ್ಶೂ,

ಐದಾರು ದಿನದಿಂದ ಬರೆಯುವುದು, ಹರಿಯುವುದು. ಅಂಗಡಿಯ ಚೀಟಿ ಬಿಟ್ಟು ಬೇರೆ ಬರೆದು ಅಭ್ಯಾಸ ಇಲ್ಲ. ಇದನ್ನು ಹರಿಯುವುದಿಲ್ಲ ಅಂತ ಕೂತಿದ್ದೇನೆ.

ಗಾಜಿನ ವಿಷಯ ಓದಿದ ಮೇಲೆ ಒಂದು ಮಧ್ಯಾಹ್ನ ಬಾಗಿಲು ಹಾಕಿ ಅಂಗಡಿಯೊಳಗೆ ಕೂತಿದ್ದೆ. ಸುತ್ತಲೂ ಅದೇ. ಗೋಡೆ ತುಂಬಾ. ನಿನಗೆ ಅನ್ನ ಹಾಕಿದ್ದು, ಫೀಸು ಕಟ್ಟಿದ್ದು ಅದರಿಂದಲೇ. ಅದು ನಿನ್ನ ಕೋಣೆಗೆ ಬರಬಾರದ ವಸ್ತು ಆಯಿತು ಅನ್ನುವುದು ನನ್ನ ತಲೆಗೆ ಹೋಗುವುದಕ್ಕೇ ಎರಡು ದಿನ ಬೇಕಾಯಿತು. ಮಾಫ್ ಮಾಡು.

ಆದರೆ ಬರೆಯಬೇಕಾದ್ದು ಅದಲ್ಲ.

ಬಳೆ ತೊಡಿಸುವವಳ ಮುಂದೆ ಕೈ ಏನನ್ನೂ ಮುಚ್ಚಿಡುವುದಿಲ್ಲ ಬೇಟಾ. ಸೋಪು ಹಚ್ಚಿ, ಬೆರಳು ಕೂಡಿಸಿ, ಹೆಬ್ಬೆರಳಿನ ಬುಡ ಒತ್ತುವಾಗ ಎಲ್ಲ ಕಾಣುತ್ತದೆ. ಯಾರ ಮಣಿಕಟ್ಟಿನಲ್ಲಿ ಐದು ಬೆರಳಿನ ಗುರುತು ಇದೆ, ಯಾರು ಒಲೆಯ ಮುಂದೆ ಸುಟ್ಟುಕೊಂಡದ್ದು, ಯಾರು ಸುಟ್ಟುಕೊಂಡೆ ಅಂತ ಬರೀ ಬಾಯಲ್ಲಿ ಹೇಳುವುದು. ನಿನ್ನ ದಾದಿ, ಅಬ್ಬಾನ ಅಮ್ಮ, ನನಗೆ ಕೆಲಸ ಕಲಿಸುವಾಗ ಮೊದಲು ಹೇಳಿದ್ದೇ ಇದು: ಕೈಯಲ್ಲಿ ಏನು ಕಂಡರೂ ಕೇಳಬೇಡ, ಕೇಳಿದರೆ ಆ ಹೆಂಗಸು ಮತ್ತೆ ನಿನಗೆ ಕೈ ಕೊಡುವುದಿಲ್ಲ. ಇಪ್ಪತ್ತೆರಡು ವರ್ಷ ಹಾಗೇ ನಡೆದುಕೊಂಡೆ. ಅದು ಮರ್ಯಾದೆ ಅಂದುಕೊಂಡಿದ್ದೆ.

ಈ ವರ್ಷ ರಂಜಾನ್ ಹಬ್ಬದ ಹಿಂದಿನ ದಿನ ನೆನಪಿದೆಯಾ? ನೀನು ಸೆಕೆಂಡ್ ಪಿಯುಸಿ ಪರೀಕ್ಷೆ ಮುಗಿಸಿ ಬಂದಿದ್ದೆ. ಅಂಗಡಿ ತುಂಬಾ ಜನ. ಅವರ ಮಧ್ಯೆ ನಿನ್ನ ಕೈಯನ್ನೂ ಹಿಡಿದು ಎಳೆದೆ, ಎರಡು ಬಳೆ ಹಾಕೋಣ ಅಂತ. ಚೂಡಿದಾರಿನ ತೋಳು ಮೇಲೆ ಸರಿಯಿತು. ನೀನು ಕೈ ಕಿತ್ತುಕೊಂಡು "ಬೆಕ್ಕು ಪರಚಿತು" ಅಂದೆ.

ನಮ್ಮ ಮನೆಯಲ್ಲಿ ಬೆಕ್ಕಿಲ್ಲ. "ಹಾಸ್ಟೆಲ್ ಬೆಕ್ಕು" ಅಂದೆ ನೀನು, ನಾನು ಕೇಳುವ ಮೊದಲೇ. ಅದು ಬೆಕ್ಕಲ್ಲ ಅಂತ ನನಗೆ ಗೊತ್ತಾಯಿತು. ಅಷ್ಟು ಕೈ ನೋಡಿದವಳಿಗೆ ಗೊತ್ತಾಗದೇ ಇರುತ್ತದೆಯೇ? "ಹೌದಾ, ಅರಿಶಿನ ಹಚ್ಚು" ಅಂದೆ. ಪಕ್ಕದವರ ಕೈ ಹಿಡಿದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳನ್ನು ಗಿರಾಕಿಯ ಹಾಗೆ ನೋಡಿದೆ.

ಆರು ತಿಂಗಳು ಗೊತ್ತಿತ್ತು ಅರ್ಶೂ. ವಾರ್ಡನ್ ಫೋನ್ ಮಾಡಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಅದಕ್ಕೇ ಊಟ ಆಯ್ತಾ ಅಂದೆ.

ಈಗ ಕೇಳುತ್ತೇನೆ. ನಿನಗೆ ಸಾಯಬೇಕು ಅನ್ನಿಸುತ್ತದೆಯೇ? ಯಾಕೆ ಮಾಡಿಕೊಳ್ಳುತ್ತೀಯ? ನಾನು ಏನು ಮಾಡಿದೆ, ಏನು ಮಾಡಲಿಲ್ಲ?

ನಿನ್ನ ಅಮ್ಮಿ


ಹಾಸ್ಟೆಲ್, ಕೊಪ್ಪ
14 ಅಕ್ಟೋಬರ್ 2025

ಅಮ್ಮೀ,

ನಿನಗೆ ಗೊತ್ತಿತ್ತು ಅಂತ ಓದಿದಾಗ ಮೊದಲು ಸಿಟ್ಟು ಬಂತು. ತುಂಬಾ. ಆ ಪುಟ ಮಡಿಚಿ ಲ್ಯಾಬ್ ರೆಕಾರ್ಡ್ ಒಳಗೆ ಇಟ್ಟೆ. ನಾಲ್ಕು ದಿನ ಆದ ಮೇಲೆ ಸಿಟ್ಟಿನ ಜಾಗದಲ್ಲಿ ಬೇರೆ ಏನೋ ಇತ್ತು. ನಿನ್ನ ಎದುರು ಅಷ್ಟು ಕಷ್ಟಪಟ್ಟು ಆಡಿದ ನಾಟಕ ನಿನಗೆ ಗೊತ್ತೇ ಇತ್ತು ಅಂದರೆ ಇನ್ನು ಆಡಬೇಕಾಗಿಲ್ಲ ಅಲ್ವಾ ಅಂತ.

ಪತ್ರವನ್ನು ಶಾಲಿನಿ ಮೇಡಂಗೆ ತೋರಿಸಿದೆ. "ಸಾಯಬೇಕು ಅನ್ನಿಸುತ್ತದೆಯೇ" ಅಂತ ನೀನು ನೇರವಾಗಿ ಕೇಳಿದ್ದನ್ನು ಎರಡು ಸಲ ಓದಿದರು. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಬರುವುದಿಲ್ಲ, ಕೇಳದೇ ಇದ್ದರೆ ಇರುವ ಯೋಚನೆ ಒಂಟಿಯಾಗುತ್ತದೆ ಅಂದರು.

ಉತ್ತರ: ಇಲ್ಲ. ಹೆಚ್ಚಿನ ದಿನ ಇಲ್ಲ. ಎರಡು ಸಲ ಅನ್ನಿಸಿದೆ, ಅದನ್ನು ಮೇಡಂಗೆ ಹೇಳಿದ್ದೇನೆ. ನಾವಿಬ್ಬರೂ ಸೇರಿ ಒಂದು ಕಾಗದ ಬರೆದಿದ್ದೇವೆ. ಅಂಥ ಹೊತ್ತಿನಲ್ಲಿ ಮೊದಲು ಯಾರ ಹತ್ತಿರ ಹೋಗಬೇಕು, ಆಮೇಲೆ ಯಾರಿಗೆ ಫೋನ್. 14416 ಅನ್ನುವ ನಂಬರೂ ಇದೆ ಅದರಲ್ಲಿ. ಸರ್ಕಾರದ್ದು, ಕನ್ನಡದಲ್ಲೇ ಮಾತಾಡುತ್ತಾರೆ. ನನ್ನ ಬೀರುವಿನ ಒಳಗೆ ಅಂಟಿಸಿದ್ದೇನೆ.

ಯಾಕೆ ಅಂತ ಕೇಳಿದ್ದೀಯ. ಬೇಸಿಕಲಿ ನನಗೇ ಪೂರ್ತಿ ಗೊತ್ತಿಲ್ಲ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಇದೆ, ದಿನವಿಡೀ ತಿರುಗುತ್ತದೆ. ಕರೆಂಟ್ ಹೋದಾಗಲೇ ಅಷ್ಟೊತ್ತೂ ಶಬ್ದ ಇತ್ತು ಅಂತ ಗೊತ್ತಾಗುವುದು. ನನ್ನ ತಲೆಯೊಳಗೆ ಅಂಥದ್ದು ತಿರುಗುತ್ತಿರುತ್ತದೆ. ಇಂಗ್ಲಿಷ್ ಸರಿಯಾಗಿ ಬರಲಿಲ್ಲ, ವೈವಾದಲ್ಲಿ ನಕ್ಕರು, ಫೀಸು ಕಟ್ಟಿಸಿಕೊಂಡು ಇಷ್ಟೇನಾ, ಎಲ್ಲರಿಗೂ ಬರುತ್ತದೆ ನಿನಗೆ ಮಾತ್ರ ಯಾಕೆ ಬರುವುದಿಲ್ಲ. ಗಾಯ ಮಾಡಿಕೊಂಡಾಗ ಅದು ನಿಲ್ಲುತ್ತದೆ ಅಂತ ಅನ್ನಿಸುತ್ತದೆ. ನಿಂತರೂ ಎಷ್ಟು ಹೊತ್ತು? ಐದು ನಿಮಿಷ. ಆಮೇಲೆ ಅದೇ ಫ್ಯಾನು, ಜೊತೆಗೆ ನಾಚಿಕೆ, ಜೊತೆಗೆ ಉದ್ದ ತೋಳಿನ ಚೂಡಿದಾರ್ ಹುಡುಕುವ ಕೆಲಸ. ಲಾಭ ಏನೂ ಇಲ್ಲ ಅಮ್ಮೀ. ಗೊತ್ತಿದ್ದೂ ಕಾಲು ಅದೇ ದಾರಿಗೆ ಹೋಗುತ್ತದೆ.

ಯಾರಿಗೋ ತೋರಿಸುವುದಕ್ಕೆ ಅಲ್ಲ. ತೋರಿಸುವ ಆಸೆ ಇದ್ದರೆ ಬೆಕ್ಕು ಅನ್ನುತ್ತಿರಲಿಲ್ಲ.

ನೀನು ಏನು ಮಾಡಿದೆ ಅಂತ ಕೇಳಬೇಡ. ನೀನು ಹಾಗೆ ಕೇಳಿದರೆ ನಾನು ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಅದಕ್ಕೆ ಈಗ ಶಕ್ತಿ ಇಲ್ಲ.

ಅರ್ಶಿಯಾ


ನರಸಿಂಹರಾಜಪುರ
17 ನವೆಂಬರ್ 2025

ಅರ್ಶೂ ಬೇಟಾ,

ಹೋದ ವಾರ ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ನೀನು ಹತ್ತು ನಿಮಿಷ ಸಿಕ್ಕೆ. ನಾನು ಶೃಂಗೇರಿ ಬಸ್ಸಿನ ಕಿಟಕಿಯಲ್ಲಿ, ಬಳೆಯ ಪೆಟ್ಟಿಗೆ ಮಡಿಲಲ್ಲಿ. ನೀನು ಕೆಳಗೆ. ಸಣ್ಣಗಾಗಿದ್ದೀಯ. ಏನೇನೋ ಕೇಳಬೇಕು ಅಂತ ಬಾಳೆಹೊನ್ನೂರಿನಿಂದಲೂ ಜೋಡಿಸಿಕೊಂಡು ಬಂದಿದ್ದೆ. "ಕಾಫಿ ಕುಡೀತೀಯಾ" ಅಂದೆ. "ಬೇಡ" ಅಂದೆ ನೀನು. ಡ್ರೈವರ್ ಹಾರ್ನ್ ಹೊಡೆದ. ಆದರೂ ನೀನು ಬಂದೆಯಲ್ಲ.

ಶೃಂಗೇರಿ ಹತ್ತಿರದ ಮೆಣಸೆಯಲ್ಲಿ ನಮ್ಮ ಹಳೇ ಗಿರಾಕಿ ಯಮುನಮ್ಮನವರ ಮೊಮ್ಮಗಳ ಮದುವೆ. ಹಿಂದಿನ ದಿನ ಮನೆಯ ಹೆಂಗಸರಿಗೆಲ್ಲ ಬಳೆ ತೊಡಿಸುವುದು. ನನ್ನ ಗಮನ ಅಲ್ಲಿರಲಿಲ್ಲ. "ಎಂತ ಮಜೀದಮ್ಮ, ಹಸಿರು ಕೊಡೇ ಅಂದ್ರೆ ಕೆಂಪು ತೊಡಿಸ್ತೀಯಲ, ನಿದ್ದೆ ಗಿದ್ದೆ ಮಾಡ್ತೀಯೋ ಇಲ್ವೋ?" ಅಂತ ಯಮುನಮ್ಮ ನನಗೆ ಬೈದರು. "ವಯಸ್ಸಾಯ್ತು ಅಮ್ಮಾ" ಅಂದೆ. "ನಂಗೆ ಎಂಬತ್ತೊಂದು. ನಿಂಗೆ ವಯಸ್ಸಾದ್ರೆ ನಂಗೆ ಎಂತ ಆಗಿರ್ಬೇಕು ಮಾರಾಯ್ತಿ" ಅಂದರು. ಎಲ್ಲ ನಕ್ಕರು. ನಾನೂ ನಕ್ಕೆ. ಪ್ರತಿಯೊಂದು ಕೈ ಹಿಡಿಯುವಾಗಲೂ ನಿನ್ನದು ನೆನಪಾಗುತ್ತಿತ್ತು.

ವಾಪಸ್ ಬಂದು ಅಬ್ಬಾನಿಗೆ ಹೇಳಿದೆ. ನಿನ್ನನ್ನು ಕೇಳದೆ ಹೇಳಿದೆ. ಒಬ್ಬಳೇ ಹೊರುವುದಕ್ಕೆ ಆಗಲಿಲ್ಲ, ಸಿಟ್ಟಾಗಬೇಡ. ಅಬ್ಬಾ, "ಯಾರು ಹೊಡೆದರು ಅವಳಿಗೆ?" ಅಂದರು. ಯಾರೂ ಹೊಡೆದಿಲ್ಲ, ತಾನೇ ಮಾಡಿಕೊಳ್ಳುತ್ತಾಳೆ ಅಂದೆ. ಮತ್ತೆ ಅದನ್ನೇ ಕೇಳಿದರು. ಮತ್ತೆ ಹೇಳಿದೆ. "ಹಾಗಾದ್ರೆ ನಾನು ಯಾರ ಹತ್ತಿರ ಹೋಗಿ ಜಗಳ ಆಡಲಿ?" ಅಂದು ಹೊರಗೆ ಹೋಗಿ ಆಟೋದೊಳಗೆ ಕೂತರು. ಗಾಡಿ ಸ್ಟಾರ್ಟ್ ಮಾಡಲಿಲ್ಲ. ಕಾಲೇಜು ಬಿಡಿಸುವ ಮಾತು ಬಂತು, ನಾನು ಬೇಡ ಅಂದೆ.

ಒಂದು ಮಾತು. ಇನ್ನು ಮೇಲೆ ದಿನಾ ಸಂಜೆ ವಿಡಿಯೋ ಕಾಲ್ ಮಾಡುತ್ತೇನೆ. ತೋಳು ಒಮ್ಮೆ ತೋರಿಸಿಬಿಡು. ನೋಡಿದರೆ ನಾವಿಬ್ಬರೂ ನಿದ್ದೆ ಮಾಡುತ್ತೇವೆ.

ನಿನ್ನ ಅಮ್ಮಿ


ಹಾಸ್ಟೆಲ್, ಕೊಪ್ಪ
28 ನವೆಂಬರ್ 2025

ಅಮ್ಮೀ,

ಹತ್ತು ದಿನ ಆಯಿತು. ದಿನಾ ಆರೂವರೆಗೆ ಫೋನು. "ತೋರಿಸು. ಬೆಳಕಿಗೆ ಬಾ. ಇನ್ನೊಂದು ಕೈ. ಮೇಲೆ. ಇನ್ನೂ ಮೇಲೆ." ನಿನ್ನ ಹಿಂದಿನಿಂದ ಅಬ್ಬಾ, "ಆ ಕೆಂಪು ಎಂತದು?" ಅದು ಸೊಳ್ಳೆ ಕಚ್ಚಿದ್ದು. ಪಕ್ಕದ ರೂಮಿನವರು ಈಗ ಆರೂವರೆಗೆ ಅಟೆಂಡೆನ್ಸ್ ಅನ್ನುತ್ತಾರೆ.

ಆರು ಗಂಟೆಯಿಂದಲೇ ಟೈಮ್ ನೋಡುತ್ತಾ ಕೂತಿರುತ್ತೇನೆ. ಮೊದಲು ಪರೀಕ್ಷೆಗೆ ಟೆನ್ಷನ್, ಈಗ ನಿನಗೆ.

ಒಂದು ಕೈ ಕ್ಲೀನ್ ಇದ್ದರೆ ನಾನು ಚೆನ್ನಾಗಿದ್ದೇನೆ ಅಂತ ಅರ್ಥ ಅಲ್ಲ. ಆ ಹತ್ತು ದಿನವೂ ಕ್ಲೀನ್ ಇತ್ತು. ಆ ಹತ್ತು ದಿನದಲ್ಲಿ ಒಂದು ದಿನವೂ ಚೆನ್ನಾಗಿರಲಿಲ್ಲ. ಅದನ್ನು ನೀನು ಕೇಳಲೇ ಇಲ್ಲ. ನೋಡಿದೆ, ಕಟ್ ಮಾಡಿದೆ.

ಇನ್ನು ಕಾಲ್ ಎತ್ತುವುದಿಲ್ಲ. ಆರಾಮಿದ್ದೇನೆ ಅಂತ ಭವ್ಯ ಮೆಸೇಜ್ ಮಾಡುತ್ತಾಳೆ. ನನಗೆ ಸಾಕಾಗಿದೆ.

ಅರ್ಶಿಯಾ


ನರಸಿಂಹರಾಜಪುರ
5 ಡಿಸೆಂಬರ್ 2025

ಅರ್ಶೂ,

ನೀನು ಬರೆದದ್ದು ಸರಿ. ಮೊದಲು ನೋಡಿ ಕೇಳಲಿಲ್ಲ. ಆಮೇಲೆ ನೋಡುವುದನ್ನೇ ಕೇಳುವುದು ಅಂದುಕೊಂಡೆ. ಗೊತ್ತಿರುವ ಕೆಲಸ ಅದೊಂದೇ ಆದ್ದರಿಂದ ಅದನ್ನೇ ಮಾಡಿದೆ.

ಶಾಲಿನಿ ಮೇಡಂ ನಂಬರ್ ಸುಲೋಚನಮ್ಮನವರ ಹತ್ತಿರ ತೆಗೆದುಕೊಂಡು ಫೋನ್ ಮಾಡಿದ್ದೆ. ನಿನ್ನ ವಿಷಯ ಏನೂ ಹೇಳಲಿಲ್ಲ ಅವರು, ಹೇಳುವ ಹಾಗಿಲ್ಲವಂತೆ. ನನ್ನ ವಿಷಯ ಕೇಳಿದರು. ಎಷ್ಟು ನಿದ್ದೆ ಮಾಡುತ್ತೀರಿ ಅಂದರು. ಅದನ್ನು ಕೇಳಿ ನನಗೆ ಅಳು ಬಂತು. ಗಿರಾಕಿ ಎದುರಿಗೇ ಅತ್ತೆ.

ಕಾಲ್ ಮಾಡುವುದಿಲ್ಲ. ನೀನು ಮಾಡಿದಾಗ ಎತ್ತುತ್ತೇನೆ.

ನಿನ್ನ ಅಮ್ಮಿ


ನರಸಿಂಹರಾಜಪುರ
20 ಡಿಸೆಂಬರ್ 2025

ಅರ್ಶೂ,

ಇದಕ್ಕೆ ಉತ್ತರ ಬೇಡ. ಅಬ್ಬಾ ಚರಂಡಿಯ ಮೇಲೆ ತಾವೇ ಕಲ್ಲು ಹಾಸಿದರು. ಚಳಿ ಇದೆ. ಇವತ್ತು ನಿನ್ನ ನೆನಪು ಬಹಳ ಆಯಿತು.

ಅಮ್ಮಿ


ಹಾಸ್ಟೆಲ್, ಕೊಪ್ಪ
9 ಜನವರಿ 2026, ಶುಕ್ರವಾರ

ಅಮ್ಮೀ,

ಮಂಗಳವಾರದ ವಿಷಯ ಬರೆಯಬೇಕು ಅನ್ನಿಸಿತು. ನೀನು ಬಂದಾಗ ನಾನು ಹೆಚ್ಚು ಮಾತಾಡಲಿಲ್ಲ.

ಸೋಮವಾರ ಸೆಮಿಸ್ಟರಿನ ಮೊದಲ ಪೇಪರ್ ಕೆಟ್ಟುಹೋಯಿತು. ಮಂಗಳವಾರ ಬೆಳಿಗ್ಗೆ ಎಲ್ಲರೂ ತಿಂಡಿಗೆ ಹೋಗಿದ್ದರು. ಮಾಡಿಕೊಂಡೆ. ನಾಲ್ಕು ತಿಂಗಳ ಮೇಲೆ. ಆದ ಮೇಲೆ ಭವ್ಯಳನ್ನು ಕರೆದೆ. ಅವಳು ನನ್ನನ್ನು ನರ್ಸ್ ಹತ್ತಿರ ಕರೆದುಕೊಂಡು ಹೋದಳು. ಕಾಯುತ್ತಾ ಕೂತಾಗ ನಿನಗೆ ಫೋನ್ ಮಾಡಿದೆ. ಯಾಕೆ ಮಾಡಿದೆ ಅಂತ ಗೊತ್ತಿಲ್ಲ. ಬೈಯುತ್ತೀಯೋ, ಅಳುತ್ತೀಯೋ, ಊಟ ಆಯ್ತಾ ಅನ್ನುತ್ತೀಯೋ ನೋಡೋಣ ಅಂತ ಇರಬಹುದು.

"ಅಮ್ಮೀ, ಮತ್ತೆ ಆಯ್ತು" ಅಂದೆ. ನೀನು ಒಂದು ಸಲ ಉಸಿರು ತೆಗೆದುಕೊಂಡದ್ದು ಕೇಳಿಸಿತು. "ಹತ್ತಿರ ಯಾರಿದ್ದಾರೆ?" ಅಂದೆ. ಭವ್ಯ ಅಂದೆ ನಾನು. "ಔಷಧಿ ಹಾಕಿದರಾ?" ಹಾಕುತ್ತಾರೆ ಅಂದೆ. "ಹೇಳಿದ್ದು ಒಳ್ಳೇದಾಯ್ತು. ಭವ್ಯಳ ಜೊತೆ ಕೂತಿರು. ಬರಲಾ, ಬೇಡವಾ?" ಅಂದೆ ನೀನು. ಬರಲಾ ಅಂತ ನನ್ನನ್ನು ಕೇಳಿದೆಯಲ್ಲ, ಆಗ ಅಳು ಬಂತು. ಬಾ ಅಂದೆ.

ನೀನು ಬಂದಾಗ ಮುಂಗೈಯಲ್ಲಿ ಸೋಪು ಒಣಗಿ ಬೆಳ್ಳಗೆ ಇತ್ತು. ಯಾರದೋ ಬಳೆ ಅರ್ಧ ತೊಡಿಸಿ ಎದ್ದು ಬಂದಿದ್ದೀಯ ಅಂತ ಗೊತ್ತಾಯಿತು. ವಿಸಿಟರ್ಸ್ ಬೆಂಚಿನಲ್ಲಿ ಕೂತೆವು. ನನ್ನ ತೋಳನ್ನು ನೀನು ನೋಡಬಹುದಿತ್ತು, ನಿನ್ನ ಪಕ್ಕದಲ್ಲೇ ಇತ್ತು. ನೋಡಲಿಲ್ಲ. "ಬೆಳಿಗ್ಗೆ ತಲೆಯೊಳಗೆ ಏನಾಗುತ್ತಿತ್ತು?" ಅಂತ ಕೇಳಿದೆ. ನಾನು ಹೇಳಿದೆ, ಅರ್ಧಂಬರ್ಧ. ನೀನು ಮಧ್ಯೆ ಬಾಯಿ ಹಾಕಲಿಲ್ಲ. ಪರೀಕ್ಷೆ ಹೋದರೆ ಹೋಯಿತು ಅನ್ನಲಿಲ್ಲ. ದೇವರಿದ್ದಾನೆ ಅನ್ನಲಿಲ್ಲ. "ಸುಸ್ತಾಗಿದೆಯಾ?" ಅಂದೆ. ಹೂಂ ಅಂದೆ ನಾನು. "ನನಗೂ" ಅಂದೆ ನೀನು. ಆಮೇಲೆ ನಾನು ಮಲಗಿಬಿಟ್ಟೆ, ಬೆಂಚಿನ ಮೇಲೆ, ಮೂರು ತಾಸು. ಎದ್ದಾಗ ನಿನ್ನ ಕಾಲು ಜೋಮು ಹಿಡಿದು ನಿಲ್ಲುವುದಕ್ಕೇ ಆಗಲಿಲ್ಲ. ಸುಲೋಚನಮ್ಮ ಬಂದು "ಎಂತ ಅಮ್ಮ-ಮಗಳು ನಮ್ಮ ಬೆಂಚೇ ಬರೆಸ್ಕೊಂಡ್ರಾ?" ಅಂದರು.

ಮುಂದಿನ ಗುರುವಾರ ಮೇಡಂ ಶಿವಮೊಗ್ಗದಲ್ಲಿ ಒಬ್ಬ ಡಾಕ್ಟರ್ ಹತ್ತಿರ ಕಳಿಸುತ್ತಿದ್ದಾರೆ. ಮಾತ್ರೆ ಬೇಕಾಗಬಹುದು ಅಂದರು. ನನಗೆ ಭಯ. ನೀನು ಜೊತೆಗೆ ಬರುತ್ತೀಯಾ?

ಅರ್ಶೂ


ನರಸಿಂಹರಾಜಪುರ
18 ಜನವರಿ 2026

ಅರ್ಶೂ ಬೇಟಾ,

ಶಿವಮೊಗ್ಗದಿಂದ ಬಂದು ಮೂರು ದಿನ ಆಯಿತು, ಇನ್ನೂ ಬಸ್ಸಿನಲ್ಲಿ ಕೂತ ಹಾಗೇ ಇದೆ. ಮಾತ್ರೆ ತಿಂದ ಮೇಲೆ ನಿದ್ದೆ ಬರುತ್ತದೆ ಅಂದೆಯಲ್ಲ, ಡಾಕ್ಟರಿಗೆ ಹೇಳೋಣ. ಅಬ್ಬಾ ನಿನ್ನ ಮಾತ್ರೆಯ ಹೆಸರನ್ನು ಆಟೋದ ಮುಂದೆ ಚೀಟಿಯಲ್ಲಿ ಬರೆದು ಸಿಕ್ಕಿಸಿಕೊಂಡಿದ್ದಾರೆ. ಯಾಕೆ ಅಂದರೆ, "ಅಲ್ಲಿ ಸಿಗದೇ ಹೋದ್ರೆ?" ಅನ್ನುತ್ತಾರೆ. ಅವರಿಗೆ ಜಗಳ ಆಡುವುದಕ್ಕೆ ಯಾರೂ ಸಿಕ್ಕಿಲ್ಲ, ಈಗ ಮೆಡಿಕಲ್ ಶಾಪುಗಳ ಮೇಲೆ ಕಣ್ಣು.

ಡಾಕ್ಟರ್ ನನ್ನನ್ನು ಹೊರಗೆ ಕೂರಿಸಿದಾಗ ಯೋಚಿಸುತ್ತಿದ್ದೆ. ಇನ್ನು ಯಾವತ್ತೂ ಮಾಡಿಕೊಳ್ಳುವುದಿಲ್ಲ ಅಂತ ನಿನ್ನ ಹತ್ತಿರ ಮಾತು ತೆಗೆದುಕೊಳ್ಳಬೇಕು ಅಂತ ಬಹಳ ಆಸೆ ಇತ್ತು. ತಲೆ ಮುಟ್ಟಿಸಿ ಆಣೆ ಹಾಕಿಸಬೇಕು ಅಂತ. ಆದರೆ ಮಾತು ಕೊಟ್ಟು, ಆಮೇಲೆ ಆಗಿಬಿಟ್ಟರೆ, ನೀನು ನನಗೆ ಹೇಳುವುದಿಲ್ಲ. ಆದ್ದರಿಂದ ಮಾತು ಬೇಡ. ಎಷ್ಟು ಸಲ ಆದರೂ ಹೇಳು. ಆಗುವ ಮೊದಲು ಹೇಳಿದರೆ ಇನ್ನೂ ಒಳ್ಳೇದು. ಆದ ಮೇಲೆ ಹೇಳಿದರೂ ಬರುತ್ತೇನೆ.

ನನಗೆ ಭಯ ಹೋಗಿಲ್ಲ. ಫೋನ್ ಸದ್ದಾದರೆ ಮೊದಲು ನಿನ್ನ ಹೆಸರು ಇದೆಯಾ ಅಂತ ನೋಡುತ್ತೇನೆ. ಅದು ನನ್ನ ಕೆಲಸ, ನಿನ್ನದಲ್ಲ.

ನಿನ್ನ ಅಮ್ಮಿ


ಹಾಸ್ಟೆಲ್, ಕೊಪ್ಪ
2 ಫೆಬ್ರವರಿ 2026, ಸೋಮವಾರ, ಮಧ್ಯಾಹ್ನ ಮೂರೂವರೆ

ಅಮ್ಮೀ,

ರಿಸಲ್ಟ್ ಬಂದಿಲ್ಲ, ಜಗಳ ಆಗಿಲ್ಲ, ಯಾರೂ ನಕ್ಕಿಲ್ಲ. ಕಾರಣ ಏನೂ ಇಲ್ಲ. ಸುಮ್ಮನೆ ಮಧ್ಯಾಹ್ನದಿಂದ ತಲೆಯೊಳಗೆ ಆ ಫ್ಯಾನು ಶುರುವಾಗಿದೆ. ಭವ್ಯ ಲ್ಯಾಬಿನಲ್ಲಿದ್ದಾಳೆ, ಐದಕ್ಕೆ ಬರುತ್ತಾಳೆ. ಮೇಡಂ ಜೊತೆ ಸೇರಿ ಬರೆದ ಕಾಗದದಲ್ಲಿ ಇರುವಂತೆ ರೂಮಿನಿಂದ ಹೊರಗೆ ಬಂದು ಆಫೀಸಿನ ಎದುರಿನ ಬೆಂಚಿನಲ್ಲಿ ಕೂತಿದ್ದೇನೆ. ಸುಲೋಚನಮ್ಮ ಕಾಣುವಷ್ಟು ಹತ್ತಿರ.

ಇನ್ನೂ ಏನೂ ಆಗಿಲ್ಲ. ಆಗುವುದಿಲ್ಲ ಅಂತಲೂ ಹೇಳುತ್ತಿಲ್ಲ. ಇಷ್ಟು ದಿನ ಆದ ಮೇಲೇ ಹೇಳಿದ್ದು, ಆಗುವ ಮೊದಲು ಹೇಳುವುದು ಹೇಗೆ ಅಂತ ಗೊತ್ತಿರಲಿಲ್ಲ. ಈ ಪತ್ರ ನಿನಗೆ ಸಿಗುವುದು ಗುರುವಾರ. ಅಷ್ಟೊತ್ತಿಗೆ ಇದು ಕಳೆದಿರುತ್ತದೆ. ಬಾಯಲ್ಲಿ ಹೇಳುವ ಮೊದಲು ಒಮ್ಮೆ ಬರೆದು ನೋಡಿದೆ, ಅಷ್ಟೆ. ಬರೆಯುವುದಕ್ಕೆ ಆಯಿತು.

ಈಗ ಫೋನ್ ಮಾಡುತ್ತೇನೆ. ಗಿರಾಕಿ ಇದ್ದರೂ ಎತ್ತು.

ಅರ್ಶೂ